ಬಾಡಿಗೆ ಕಟ್ಟದ ದೊಡ್ಡ ಕಂಪನಿ: ಜನರ ಸಿಟ್ಟಿಗೆ ಬೆಲೆ ಇದೆಯಾ?

ಪ್ರಶ್ನೆ: ಎಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ ಕಂಪನಿ ಆಫೀಸ್ ಬಾಡಿಗೆಯನ್ನೇ ಕಟ್ಟಲಿಲ್ಲ ಅಂತ ದೊಡ್ಡ ಸುದ್ದಿಯಾಗಿತ್ತು. ಕೆಲವರು ನಕ್ಕರು. ಕೆಲವರು ಜಾಣ ವ್ಯಾಪಾರಿ ಅಂತ ಹೊಗಳಿದರು. ಕಂಪನಿ ಮುಳುಗಿತು ಅಂದವರೂ ಇದ್ದರು. ಅಷ್ಟು ದೊಡ್ಡ ಕಂಪನಿಗೆ ಬಾಡಿಗೆ ಕಟ್ಟೋಕೆ ಆಗಲ್ವಾ? ನಾವು ಎರಡು ತಿಂಗಳು ಬಾಕಿ ಉಳಿಸಿದರೆ ಮನೆ ಖಾಲಿ ಮಾಡು ಅಂತಾರೆ, ಅವರಿಗೆ ಯಾಕೆ ಏನೂ ಆಗಲ್ಲ? ಜನ ಸಿಟ್ಟಾದರೆ ಇಂಥ ಕಂಪನಿಗಳಿಗೆ ಬಿಸಿ ಮುಟ್ಟುತ್ತಾ? ಇಂಥ ಕಡೆ ಕೆಲಸ ಮಾಡೋರು ಹೆದರಬೇಕಾ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಟ್ವಿಟರ್ ಬಾಡಿಗೆ ನಿಲ್ಲಿಸಿದ್ದು ದುಡ್ಡಿಲ್ಲದೆ ಅಲ್ಲ, ಕೊಡೋದು ಬೇಡ ಅಂತ ತೀರ್ಮಾನ ಮಾಡಿ. ಇದು ನನ್ನ ಅಭಿಪ್ರಾಯ, ಆದರೆ ಸುಮ್ನೆ ಹೇಳುತ್ತಿಲ್ಲ. ವಾಣಿಜ್ಯ ಕಟ್ಟಡಗಳ ಬಾಡಿಗೆ ಕರಾರು ಓದುವುದೇ ನನ್ನ ಕೆಲಸ. ಕೈಯಲ್ಲಿ ದುಡ್ಡಿಲ್ಲದ ಬಾಡಿಗೆದಾರ ವಾಯಿದೆ ಕೇಳುತ್ತಾನೆ, ಅರ್ಧ ಕಟ್ಟುತ್ತಾನೆ, ಮಾಲೀಕರ ಮುಂದೆ ಗೋಗರೆಯುತ್ತಾನೆ. ಕೊಡಬಾರದು ಅಂತ ತೀರ್ಮಾನಿಸಿದವನು ಊರೂರಲ್ಲಿರುವ ಆಫೀಸುಗಳ ಬಾಡಿಗೆಯನ್ನು ಒಟ್ಟಿಗೆ ನಿಲ್ಲಿಸಿ ಸುಮ್ಮನೆ ಕೂರುತ್ತಾನೆ. ಮಾಲೀಕರೇ ಮಾತುಕತೆಗೆ ಬರಲಿ ಅಂತ ಕಾಯುತ್ತಾನೆ. ಟ್ವಿಟರ್‌ನದು ಈ ಎರಡನೆಯ ಬಗೆ.

ಹಿನ್ನೆಲೆ ಸ್ವಲ್ಪ ನೆನಪು ಮಾಡಿಕೊಳ್ಳೋಣ. 2022ರ ಅಕ್ಟೋಬರ್ 27ರಂದು ಮಸ್ಕ್ 4,400 ಕೋಟಿ ಡಾಲರ್‌ಗೆ ಟ್ವಿಟರ್ ಕೊಂಡರು. ಅದರಲ್ಲಿ ಸುಮಾರು 1,300 ಕೋಟಿ ಡಾಲರ್ ಸಾಲ. ಆ ಸಾಲ ಬಿದ್ದದ್ದು ಮಸ್ಕ್ ತಲೆ ಮೇಲಲ್ಲ, ಕಂಪನಿಯ ತಲೆ ಮೇಲೆ. ಬಡ್ಡಿಯೇ ವರ್ಷಕ್ಕೆ 100 ಕೋಟಿ ಡಾಲರ್ ದಾಟುವ ಲೆಕ್ಕ. ಕಂಪನಿಗೆ ದಿನಕ್ಕೆ 40 ಲಕ್ಷ ಡಾಲರ್‌ಗೂ ಜಾಸ್ತಿ ನಷ್ಟವಾಗುತ್ತಿದೆ ಅಂತ ಮಸ್ಕ್ ನವೆಂಬರ್ ಮೊದಲ ವಾರ ತಾವೇ ಬರೆದುಕೊಂಡರು. ಅದೇ ವಾರ ನೌಕರರಲ್ಲಿ ಹೆಚ್ಚುಕಡಿಮೆ ಅರ್ಧ ಜನರನ್ನು ಕೆಲಸದಿಂದ ತೆಗೆದರು. ಡಿಸೆಂಬರ್ ಮಧ್ಯದ ಹೊತ್ತಿಗೆ, ಕಂಪನಿ ಹಲವು ವಾರಗಳಿಂದ ಕೇಂದ್ರ ಕಚೇರಿಯೂ ಸೇರಿ ಯಾವ ಆಫೀಸಿಗೂ ಬಾಡಿಗೆ ಕಟ್ಟಿಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು.

ಆಮೇಲೆ ಒಂದರ ಹಿಂದೆ ಒಂದು ದಾವೆ. ಸ್ಯಾನ್ ಫ್ರಾನ್ಸಿಸ್ಕೊದ 650 ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕಟ್ಟಡದ 30ನೇ ಮಹಡಿಗೆ ಬಾಕಿ ಇದ್ದದ್ದು ಸುಮಾರು 1,36,000 ಡಾಲರ್. ಮಾಲೀಕರು ಡಿಸೆಂಬರ್ 16ಕ್ಕೆ ನೋಟಿಸ್ ಕೊಟ್ಟು, ಅದೇ ತಿಂಗಳ ಕೊನೆಗೆ ಕೋರ್ಟಿಗೆ ಹೋದರು. ಜನವರಿಯಲ್ಲಿ ಕೇಂದ್ರ ಕಚೇರಿಯ ಸರದಿ. 1355 ಮಾರ್ಕೆಟ್ ಸ್ಟ್ರೀಟ್‌ನ ಆ ದೊಡ್ಡ ಕಟ್ಟಡಕ್ಕೆ ಡಿಸೆಂಬರ್ ಬಾಡಿಗೆಯೇ 33.6 ಲಕ್ಷ ಡಾಲರ್, ಜನವರಿಯದು ಇನ್ನೂ ಸ್ವಲ್ಪ ಜಾಸ್ತಿ. ಲಂಡನ್‌ನಲ್ಲಿ ಬ್ರಿಟನ್ನಿನ ರಾಜಪೀಠದ ಹೆಸರಲ್ಲಿರುವ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ದಾವೆ ಹೂಡಿತು. ಕೊಲರಾಡೊದ ಬೋಲ್ಡರ್‌ನಲ್ಲಿ ಮೇ ಕೊನೆಯಲ್ಲಿ ಜಡ್ಜ್ ಖಾಲಿ ಮಾಡಿಸುವ ಆದೇಶಕ್ಕೇ ಸಹಿ ಹಾಕಿದರು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಅವರಿಗೆ ಯಾಕೆ ಏನೂ ಆಗಲ್ಲ? ಜನರ ಸಿಟ್ಟಿನ ಬೇರು ಇರುವುದೂ ಇಲ್ಲೇ. ಸಾಮಾನ್ಯ ಬಾಡಿಗೆದಾರರು ಆ ಸುದ್ದಿ ಓದಿದ ಕೂಡಲೇ ತಮ್ಮ ಮನೆ ನೆನೆದರು. ನಮಗೊಂದು ಕಾನೂನು, ದುಡ್ಡಿರೋರಿಗೆ ಇನ್ನೊಂದು ಅಂದರು. ಆದರೆ ಕಾನೂನು ಇಲ್ಲಿ ಅವರಂದುಕೊಂಡದ್ದಕ್ಕೆ ಉಲ್ಟಾ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮನೆ ಬಾಡಿಗೆದಾರನಿಗೆ ಇರುವಷ್ಟು ರಕ್ಷಣೆ ಆಫೀಸ್ ಬಾಡಿಗೆದಾರನಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೂರು ದಿನದ ನೋಟಿಸ್ ಕೊಟ್ಟು ಮಾಲೀಕ ಕೋರ್ಟಿಗೆ ಹೋಗಬಹುದು. ಕಂಪನಿಯನ್ನು ಕಾಯುವುದು ಕಾನೂನಲ್ಲ, ಖಾಲಿ ಬಿದ್ದಿರುವ ಪಕ್ಕದ ಕಟ್ಟಡಗಳು.

ಆ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ ಆಫೀಸ್ ಜಾಗದಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಖಾಲಿ ಇತ್ತು. ಕೊರೊನಾ ಬಂದ ಮೇಲೆ ಮನೆಗೆ ಹೋದ ನೌಕರರು ಪೂರ್ತಿಯಾಗಿ ವಾಪಸ್ ಬಂದಿರಲಿಲ್ಲ. ಮನೆ ಮಾಲೀಕ ಒಬ್ಬರನ್ನು ಬಿಡಿಸಿದರೆ ತಿಂಗಳೊಳಗೆ ಇನ್ನೊಬ್ಬರು ಬರುತ್ತಾರೆ. ಲಕ್ಷಗಟ್ಟಲೆ ಚದರಡಿ ಆಫೀಸ್ ಖಾಲಿ ಮಾಡಿಸಿದ ಮಾಲೀಕನಿಗೆ ಇನ್ನೊಬ್ಬ ಬಾಡಿಗೆದಾರ ಸಿಗಲು ವರ್ಷಗಳೇ ಬೇಕಾಗಬಹುದು. ಸಿಕ್ಕರೂ ಹಳೆಯ ಬಾಡಿಗೆ ಸಿಗುವುದಿಲ್ಲ. ಅದಕ್ಕೇ ದೊಡ್ಡ ಮಾಲೀಕರು ಎದ್ದು ಹೋಗು ಅನ್ನುವುದಿಲ್ಲ. ಕೂತಿರು, ಆದರೆ ದುಡ್ಡು ಕಟ್ಟು ಅಂತ ದಾವೆ ಹಾಕುತ್ತಾರೆ. ಇದು ಬಾಡಿಗೆದಾರನಿಗೂ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ಹೆದರಿಕೆಯೂ ಮಾಲೀಕರ ಮನಸ್ಸಲ್ಲಿ ಇರುತ್ತದೆ. ಕಂಪನಿ ದಿವಾಳಿ ಅರ್ಜಿ ಹಾಕಿದರೆ ಏನು ಗತಿ? ಅಮೆರಿಕದ ದಿವಾಳಿ ಕಾಯ್ದೆ ಪ್ರಕಾರ, ಕರಾರು ಮುರಿದ ಬಾಡಿಗೆದಾರನಿಂದ ಮಾಲೀಕ ಮುಂದಿನ ವರ್ಷಗಳ ಬಾಡಿಗೆಯನ್ನು ಪೂರ್ತಿ ಕೇಳುವಂತಿಲ್ಲ. ಒಂದು ವರ್ಷದ ಬಾಡಿಗೆ, ಅಥವಾ ಉಳಿದ ಅವಧಿಯ ಶೇ 15, ಯಾವುದು ಜಾಸ್ತಿಯೋ ಅಷ್ಟು. ಆ ಶೇ 15 ಕೂಡ ಮೂರು ವರ್ಷದ ಬಾಡಿಗೆ ಮೀರುವಂತಿಲ್ಲ. ಹತ್ತು ವರ್ಷದ ಕರಾರು ನಂಬಿ ಸಾಲ ಮಾಡಿ ಕಟ್ಟಡ ಕೊಂಡವರಿಗೆ ಇದು ದೊಡ್ಡ ಹೊಡೆತ. ಅದೂ ಬಾಕಿ ಬರಬೇಕಾದ ಎಲ್ಲರ ಸಾಲಿನಲ್ಲಿ ನಿಂತು, ಕೈಗೆ ಬಂದಷ್ಟು ಬಂತು ಅನ್ನಬೇಕು. ಆಫೀಸ್ ಜಾಗ ಹಂಚಿಕೊಡುವ ವೀವರ್ಕ್ 2023ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿ, ಹಲವು ಕರಾರು ಬಿಟ್ಟು, ಉಳಿದವನ್ನು ಕಡಿಮೆ ದರಕ್ಕೆ ಬದಲಿಸಿಕೊಂಡು 2024ರಲ್ಲಿ ಹೊರಬಂತು. ಇಷ್ಟನ್ನು ನೋಡಿದ ಯಾವ ಮಾಲೀಕನೂ ಸುಮ್ಮಸುಮ್ಮನೆ ಹಠ ಹಿಡಿಯುವುದಿಲ್ಲ.

ಹಾಗಂತ ಮಾಲೀಕರ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಇಲ್ಲಿ ಲೆಟರ್ ಆಫ್ ಕ್ರೆಡಿಟ್ ಅನ್ನೋದನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಕಂಪನಿಗಳು ಮಾಲೀಕರಿಗೆ ನಗದು ಡಿಪಾಸಿಟ್ ಕೊಡುವುದು ಕಡಿಮೆ. ಅದರ ಬದಲು ಬ್ಯಾಂಕ್ ಒಂದು ಪತ್ರ ಕೊಡುತ್ತದೆ. ಬಾಡಿಗೆದಾರ ಕಟ್ಟದಿದ್ದರೆ ಮಾಲೀಕ ಆ ಪತ್ರ ತೋರಿಸಿ, ಕಂಪನಿಯ ಒಪ್ಪಿಗೆ ಕೇಳದೆ, ಬ್ಯಾಂಕಿನಿಂದ ದುಡ್ಡು ತೆಗೆಯಬಹುದು. ಟ್ವಿಟರ್ ಕೇಂದ್ರ ಕಚೇರಿಯ ಮಾಲೀಕರ ಬಳಿ ಸುಮಾರು 36 ಲಕ್ಷ ಡಾಲರ್‌ನ ಇಂಥ ಪತ್ರ ಇತ್ತು. ಡಿಸೆಂಬರ್ ಬಾಡಿಗೆ ಬರಲಿಲ್ಲ, ಅವರು ಅದರಿಂದ ತೆಗೆದರು. ಆ ತಿಂಗಳದ್ದು ತೀರಿತು, ಜನವರಿಯದಕ್ಕೆ ಸ್ವಲ್ಪ ಉಳಿಯಿತು, ಪತ್ರ ಮುಗಿಯಿತು. ಕಂಪನಿಯ ಒಡೆತನ ಬದಲಾದರೆ ಭದ್ರತೆಯನ್ನು 1 ಕೋಟಿ ಡಾಲರ್‌ಗೆ ಏರಿಸಬೇಕು ಅನ್ನುವ ಷರತ್ತೂ ಕರಾರಿನಲ್ಲಿದೆ, ಟ್ವಿಟರ್ ಅದನ್ನು ಪಾಲಿಸಿಲ್ಲ ಅನ್ನುವುದು ಮಾಲೀಕರ ದೂರಾಗಿತ್ತು. ಬೋಲ್ಡರ್‌ನಲ್ಲಿ ಮಾಲೀಕರ ಬಳಿ 9,68,000 ಡಾಲರ್‌ನ ಪತ್ರ ಇತ್ತು. ಅದು 2023ರ ಮಾರ್ಚ್‌ಗೆ ಕರಗಿತು ಅಂತ ಅವರು ಕೋರ್ಟಿಗೆ ಹೇಳಿದರು. ಆಮೇಲೇ ಖಾಲಿ ಮಾಡಿಸುವ ದಾವೆ ಬಂದದ್ದು.

ಅಂದರೆ ಬಾಡಿಗೆ ನಿಂತಿದೆ ಅನ್ನುವ ಸುದ್ದಿ ಬಂದಾಗ ಮಾಲೀಕ ಬರಿಗೈಯಲ್ಲಿ ಕೂತಿದ್ದಾನೆ ಅಂತ ತಿಳಿಯಬೇಡಿ. ಕೆಲವು ತಿಂಗಳು ಅವನಿಗೆ ಬ್ಯಾಂಕ್ ದುಡ್ಡು ಕೊಡುತ್ತಿರುತ್ತದೆ. ನಿಜವಾದ ಜಗಳ ಶುರುವಾಗುವುದು ಆ ಪತ್ರ ಮುಗಿದ ದಿನ.

ಜನರ ಪ್ರತಿಕ್ರಿಯೆಗೆ ಬರುತ್ತೇನೆ. ನಕ್ಕವರ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರ ಕಂಪನಿ ಬಾಡಿಗೆ ಬಾಕಿ ಉಳಿಸಿದೆ ಅಂದರೆ ನಗು ಬರುವುದು ಸಹಜ. ಅದೇ ಜನವರಿಯಲ್ಲಿ ಕೇಂದ್ರ ಕಚೇರಿಯ ಸಾಮಾನು ಹರಾಜಾಯಿತು. ಹಕ್ಕಿಯ ದೊಡ್ಡ ಪ್ರತಿಮೆಯೊಂದು 1 ಲಕ್ಷ ಡಾಲರ್‌ಗೆ ಹೋಯಿತು. ಕಾಫಿ ಯಂತ್ರ, ಕುರ್ಚಿ, ಮೇಜು ಮಾರಿ ಬಾಡಿಗೆ ಕಟ್ಟುತ್ತಿದ್ದಾರೆ ಅಂತ ಎಷ್ಟೋ ಜನ ನಂಬಿಬಿಟ್ಟರು. ಆ ಹರಾಜಿನ ದುಡ್ಡು ಕೇಂದ್ರ ಕಚೇರಿಯ ಬಾಡಿಗೆ ಮತ್ತು ಸಾಲದ ಬಡ್ಡಿಯ ಮುಂದೆ ಯಾವ ಲೆಕ್ಕಕ್ಕೂ ಇಲ್ಲ.

ಲಂಡನ್ ದಾವೆಗೆ ಬಂದ ಪ್ರತಿಕ್ರಿಯೆ ಮಾತ್ರ ನನ್ನನ್ನು ಕಾಡುತ್ತದೆ. ರಾಜನೇ ಟ್ವಿಟರ್ ಮೇಲೆ ದಾವೆ ಹಾಕಿದ ಅಂತ ಜನ ಮಾತಾಡಿಕೊಂಡರು. ರಾಜನಿಗೆ ಏನು ಕಮ್ಮಿ, ಹೋಗಲಿ ಬಿಡು ಅಂದವರೂ ಇದ್ದರು. ಕ್ರೌನ್ ಎಸ್ಟೇಟ್ ರಾಜನ ಸ್ವಂತ ಆಸ್ತಿ ಅಲ್ಲ. ರಾಜಪೀಠದ ಹೆಸರಲ್ಲಿದೆ, ಬೇರೆಯೇ ಆಡಳಿತ ನೋಡಿಕೊಳ್ಳುತ್ತದೆ, ಲಾಭ ಬ್ರಿಟನ್ನಿನ ಖಜಾನೆಗೆ ಹೋಗುತ್ತದೆ. ರಾಜಮನೆತನಕ್ಕೆ ಸರ್ಕಾರ ಕೊಡುವ ಅನುದಾನವನ್ನು ಆ ಲಾಭದ ಒಂದು ಪಾಲಿನ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ, ಅಷ್ಟೆ. ಲಂಡನ್‌ನ ಪಿಕಡಿಲಿ ಸರ್ಕಸ್ ಅನ್ನುವ ಚೌಕದ ಹತ್ತಿರದ ಆ ಆಫೀಸಿನ ಬಾಡಿಗೆ ನಿಂತರೆ ಕಡಿಮೆಯಾಗುವುದು ಸಾರ್ವಜನಿಕರ ಆದಾಯ.

ಸ್ಯಾನ್ ಫ್ರಾನ್ಸಿಸ್ಕೊ ಜನರ ಸಿಟ್ಟಿಗೆ ಹಳೆಯ ಕಾರಣವೂ ಇತ್ತು. 2011ರಲ್ಲಿ ಟ್ವಿಟರ್ ಊರು ಬಿಟ್ಟು ಹೋಗುವ ಮಾತಾಡಿದಾಗ, ಮಾರ್ಕೆಟ್ ಸ್ಟ್ರೀಟ್‌ನ ಆ ಭಾಗಕ್ಕೆ ಬರುವ ಕಂಪನಿಗಳಿಗೆ ನಗರವು ಸಂಬಳದ ಮೇಲಿನ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ಜನ ಅದನ್ನು ಟ್ವಿಟರ್ ಟ್ಯಾಕ್ಸ್ ಬ್ರೇಕ್ ಅಂತಲೇ ಕರೆದರು. ಟ್ವಿಟರ್ 2012ರಲ್ಲಿ ಆ ಕಟ್ಟಡಕ್ಕೆ ಬಂತು. ಊರಿನ ತೆರಿಗೆ ಬಿಟ್ಟುಕೊಟ್ಟು ಉಳಿಸಿಕೊಂಡ ಕಂಪನಿ ಹತ್ತು ವರ್ಷದ ನಂತರ ಅದೇ ಕಟ್ಟಡದ ಬಾಡಿಗೆ ಕಟ್ಟಲಿಲ್ಲ ಅಂದರೆ ಊರಿನವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಈ ಸಿಟ್ಟು ನ್ಯಾಯವಾದದ್ದು ಅಂತ ನಾನು ಒಪ್ಪುತ್ತೇನೆ. ಕಂಪನಿ 2024ರಲ್ಲಿ ಕೇಂದ್ರ ಕಚೇರಿಯನ್ನು ಟೆಕ್ಸಸ್‌ಗೆ ಸಾಗಿಸಿತು.

ಜಾಣ ವ್ಯಾಪಾರಿ ಅಂತ ಹೊಗಳಿದವರ ವಾದವನ್ನೂ ನೋಡೋಣ. ಖಾಲಿ ಆಫೀಸಿಗೆ ಹಳೆಯ ದರ ಯಾಕೆ ಕೊಡಬೇಕು, ಮಾಲೀಕನೂ ಕೋಟ್ಯಧಿಪತಿಯೇ ಅಲ್ವಾ, ಚೌಕಾಸಿ ಮಾಡಿದರೆ ತಪ್ಪೇನು ಅಂತ ಅವರ ಪ್ರಶ್ನೆ. ಚೌಕಾಸಿ ತಪ್ಪಲ್ಲ. ಬಾಡಿಗೆ ಕಟ್ಟುತ್ತಲೇ ಮಾಲೀಕರ ಜೊತೆ ಕೂತು ಜಾಗ ಕಮ್ಮಿ ಮಾಡಿಸಿಕೊಂಡ, ದರ ಇಳಿಸಿಕೊಂಡ ಕಂಪನಿಗಳು ಎಷ್ಟೋ ಇವೆ. ಸಹಿ ಹಾಕಿದ ಕರಾರನ್ನು ಪಕ್ಕಕ್ಕಿಟ್ಟು, ಬೇಕಾದರೆ ಕೋರ್ಟಿಗೆ ಹೋಗಿ ಅನ್ನುವುದು ಚೌಕಾಸಿ ಅಲ್ಲ. 2023ರ ಮೇ ತಿಂಗಳಲ್ಲಿ ಆರು ಮಾಜಿ ನೌಕರರು ಡೆಲವೇರ್‌ನಲ್ಲಿ ದಾವೆ ಹೂಡಿದರು. ಏನೇ ಆದರೂ ಬಾಡಿಗೆ ಕೊಡುವುದಿಲ್ಲ ಅನ್ನುವ ಅರ್ಥದ ಮಾತು ಮೇಲಿನಿಂದ ಬಂದಿತ್ತು ಅಂತ ಅದರಲ್ಲಿ ಆರೋಪಿಸಿದರು. ಅದು ಆರೋಪ, ಅಷ್ಟರಮಟ್ಟಿಗೇ ತೆಗೆದುಕೊಳ್ಳಿ.

ಮಾಲೀಕ ಶ್ರೀಮಂತ ಅನ್ನುವ ಮಾತಿಗೂ ಉತ್ತರ ಇದೆ. 650 ಕ್ಯಾಲಿಫೋರ್ನಿಯಾ ಸ್ಟ್ರೀಟ್‌ನ ಒಡೆತನ ಆಗ ಕೊಲಂಬಿಯಾ ಪ್ರಾಪರ್ಟಿ ಟ್ರಸ್ಟ್ ಅನ್ನುವ ಸಂಸ್ಥೆಯದಾಗಿತ್ತು. ಟ್ವಿಟರ್ ಮೇಲೆ ದಾವೆ ಹಾಕಿ ಎರಡು ತಿಂಗಳೊಳಗೆ, 2023ರ ಫೆಬ್ರವರಿಯಲ್ಲಿ, ಆ ಸಂಸ್ಥೆಯೇ ಏಳು ಕಟ್ಟಡಗಳ ಮೇಲಿನ ಸುಮಾರು 170 ಕೋಟಿ ಡಾಲರ್ ಸಾಲದ ಕಂತು ತಪ್ಪಿಸಿತು. ಆ ಏಳರಲ್ಲಿ ಈ ಕಟ್ಟಡವೂ ಒಂದು. ಟ್ವಿಟರ್‌ನ ಒಂದೂಕಾಲು ಲಕ್ಷ ಚಿಲ್ಲರೆ ಡಾಲರ್‌ನಿಂದ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಬಡ್ಡಿ ದರ ಏರಿದ್ದು, ಆಫೀಸುಗಳ ಬೆಲೆ ಬಿದ್ದದ್ದು ದೊಡ್ಡ ಕಾರಣಗಳು. ಆದರೆ ಬಾಡಿಗೆ ಮಾಲೀಕನ ಜೇಬಲ್ಲೇ ಉಳಿಯುವುದಿಲ್ಲ. ಅದರಿಂದ ಸಾಲದ ಕಂತು ಹೋಗಬೇಕು, ಆಸ್ತಿ ತೆರಿಗೆ ಹೋಗಬೇಕು, ಲಿಫ್ಟ್ ರಿಪೇರಿ, ಕಾವಲು, ಕರೆಂಟು ಎಲ್ಲ ಅದರಿಂದಲೇ. ಸಾಲ ಕೊಟ್ಟವರ ಹಿಂದೆ ಎಷ್ಟೋ ಸಲ ಪಿಂಚಣಿ ನಿಧಿಗಳ ದುಡ್ಡು ಇರುತ್ತದೆ.

ಈ ಗಲಾಟೆಯಲ್ಲಿ ಯಾರ ಕಣ್ಣಿಗೂ ಸರಿಯಾಗಿ ಬೀಳದವರು ಇನ್ನೂ ಕೆಳಗಿದ್ದಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ. ಅದೇ ಡಿಸೆಂಬರ್‌ನಲ್ಲಿ ಟ್ವಿಟರ್ ಕೇಂದ್ರ ಕಚೇರಿಯ ಸ್ವಚ್ಛತಾ ಕೆಲಸದವರು ಗುತ್ತಿಗೆ ರದ್ದಾಗಿ ಕೆಲಸ ಕಳೆದುಕೊಂಡರು. ಕಟ್ಟಡದೊಳಗೆ ಶೌಚಾಲಯ ಗಬ್ಬು ನಾರತೊಡಗಿತು, ನೌಕರರು ಮನೆಯಿಂದ ಟಾಯ್ಲೆಟ್ ಪೇಪರ್ ತಂದರು ಅಂತ ವರದಿಯಾಯಿತು. ಜನ ಟಾಯ್ಲೆಟ್ ಪೇಪರ್ ಸುದ್ದಿ ಹಂಚಿಕೊಂಡು ನಕ್ಕರು. ಅದನ್ನು ದಿನಾ ತುಂಬಿಸಿಡುತ್ತಿದ್ದವರ ಸಂಬಳ ಹಬ್ಬದ ತಿಂಗಳಲ್ಲಿ ನಿಂತದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಬಾಡಿಗೆ ಬಾಕಿಗೆ ಭದ್ರತಾ ಪತ್ರ ಇದೆ, ವಕೀಲರಿದ್ದಾರೆ, ಕೋರ್ಟಿದೆ. ಗುತ್ತಿಗೆಯ ಕೆಲಸಗಾರರ ಕೈಯಲ್ಲಿ ಇವು ಯಾವುವೂ ಇಲ್ಲ.

ಜನರ ಸಿಟ್ಟಿಗೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ಎಲ್ಲ ಕಡೆ ಅಲ್ಲ. ಇದಕ್ಕೆ ಜರ್ಮನಿಯ ಪ್ರಸಂಗ ಒಳ್ಳೆಯ ಉದಾಹರಣೆ. ಅದು ಅಂಗಡಿಗಳ ಬಾಡಿಗೆ, ಆಫೀಸಿನದಲ್ಲ, ಆದರೂ ವಿಷಯ ಅದೇ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ಅಲ್ಲಿನ ಸರ್ಕಾರ ಒಂದು ಕಾಯ್ದೆ ತಂದಿತು. ಏಪ್ರಿಲ್‌ನಿಂದ ಜೂನ್‌ವರೆಗೆ ಬಾಡಿಗೆ ಕಟ್ಟಲಾಗದವರ ಕರಾರನ್ನು ಆ ಕಾರಣಕ್ಕೆ ರದ್ದು ಮಾಡುವಂತಿಲ್ಲ ಅಂತ. ಬಾಡಿಗೆ ಮನ್ನಾ ಅಲ್ಲ, ಆಮೇಲೆ ಕಟ್ಟಬೇಕು. ಕಷ್ಟದಲ್ಲಿರುವ ಮನೆಯವರಿಗೆ, ಸಣ್ಣ ಅಂಗಡಿಯವರಿಗೆ ಉಸಿರಾಡಲು ಅವಕಾಶ ಕೊಡುವುದು ಅದರ ಉದ್ದೇಶ. ಅಷ್ಟರಲ್ಲೇ ಅಡಿಡಾಸ್ ತನ್ನ ಮುಚ್ಚಿದ ಅಂಗಡಿಗಳ ಏಪ್ರಿಲ್ ಬಾಡಿಗೆ ತಡೆಹಿಡಿಯುವುದಾಗಿ ಹೇಳಿತು. ಬಟ್ಟೆ ಮಾರುವ ಎಚ್ ಅಂಡ್ ಎಂ, ಬೂಟು ಮಾರುವ ಡೈಕ್‌ಮನ್ ಕೂಡ ಅದೇ ದಾರಿ ಹಿಡಿದವು. ಹಿಂದಿನ ವರ್ಷ ಅಡಿಡಾಸ್ ಲಾಭ ಸುಮಾರು 200 ಕೋಟಿ ಯೂರೊ.

ಜನ ಕೆರಳಿದರು. ನ್ಯಾಯ ಸಚಿವೆಯೇ ಇದು ಸಭ್ಯತೆ ಅಲ್ಲ, ಒಪ್ಪಲಾಗದು ಅಂದರು. ಬಹಿಷ್ಕಾರದ ಕರೆ ಬಂತು. ಒಬ್ಬ ಸಂಸದ ಅಡಿಡಾಸ್ ಅಂಗಿ ಸುಡುವ ವಿಡಿಯೊ ಹಾಕಿದರು. ಸಣ್ಣ ಮಾಲೀಕರಿಗೆ ಕೊಟ್ಟೇ ಕೊಡುತ್ತೇವೆ ಅಂತ ಕಂಪನಿ ಸಮಜಾಯಿಷಿ ಹೇಳಿದರೂ ಯಾರೂ ಕೇಳಲಿಲ್ಲ. ಏಪ್ರಿಲ್ 1ಕ್ಕೆ ಬಹಿರಂಗ ಪತ್ರದಲ್ಲಿ ಕ್ಷಮೆ ಕೇಳಿ, ಏಪ್ರಿಲ್ ಬಾಡಿಗೆ ಕಟ್ಟಿರುವುದಾಗಿ ಅಡಿಡಾಸ್ ತಿಳಿಸಿತು. ವಾರ ತುಂಬುವ ಮೊದಲೇ ಎಲ್ಲ ಮುಗಿಯಿತು.

ಅಲ್ಲಿ ಕೆಲಸ ಮಾಡಿದ್ದು ಟ್ವಿಟರ್ ವಿಷಯದಲ್ಲಿ ಯಾಕೆ ಆಗಲಿಲ್ಲ? ಅಡಿಡಾಸ್ ಬೂಟು ಮಾರುವುದು ಸಿಟ್ಟಾದ ಅದೇ ಜನರಿಗೆ. ಅವರು ಪಕ್ಕದ ಅಂಗಡಿಗೆ ಹೋದರೆ ಮಾರನೆಯ ದಿನವೇ ಗಲ್ಲಾಪೆಟ್ಟಿಗೆಯಲ್ಲಿ ಗೊತ್ತಾಗುತ್ತದೆ. ಟ್ವಿಟರ್ ಬಳಸುವವರು ಬಹುತೇಕ ದುಡ್ಡು ಕೊಡುವುದಿಲ್ಲ. ಕೊಡುವವರು ಜಾಹೀರಾತುದಾರರು. ಅವರು ಆಗ ಹಿಂದೆ ಸರಿದದ್ದು ನಿಜ, ಆದರೆ ಅದು ಬೇರೆ ಕಾರಣಕ್ಕೆ, ಬಾಡಿಗೆ ಬಾಕಿಗಲ್ಲ. ಮೇಲಾಗಿ ಕಂಪನಿ ಷೇರುಪೇಟೆಯಿಂದ ಹೊರಬಂದಿತ್ತು. ದಿನಾ ಬೆಲೆ ನೋಡಿ ಪ್ರಶ್ನೆ ಕೇಳುವ ಷೇರುದಾರರೂ ಇರಲಿಲ್ಲ.

ಷೇರುಪೇಟೆಯಲ್ಲಿರುವ ಕಂಪನಿಗೆ ಇನ್ನೊಂದು ಕಡಿವಾಣ ಇದೆ. ಅಮೆರಿಕದ ಚೀಸ್‌ಕೇಕ್ ಫ್ಯಾಕ್ಟರಿ ಅನ್ನುವ ಹೋಟೆಲ್ ಸರಣಿ, 2020ರ ಮಾರ್ಚ್‌ನಲ್ಲಿ ಏಪ್ರಿಲ್ ಬಾಡಿಗೆ ಕಟ್ಟಲಾಗದು ಅಂತ ತನ್ನ ಕಟ್ಟಡಗಳ ಮಾಲೀಕರಿಗೆಲ್ಲ ಪತ್ರ ಬರೆದಿತ್ತು. ಅದೇ ದಿನಗಳಲ್ಲಿ ಷೇರುದಾರರಿಗೆ, ಹೋಟೆಲುಗಳು ನಿಭಾಯಿಸಿಕೊಂಡು ನಡೆಯುತ್ತಿವೆ ಅನ್ನುವ ಅರ್ಥದ ಹೇಳಿಕೆ ಕೊಟ್ಟಿತು. ಆಗ ವಾರಕ್ಕೆ ಸುಮಾರು 60 ಲಕ್ಷ ಡಾಲರ್ ಕರಗುತ್ತಿತ್ತು. ಷೇರುಪೇಟೆ ನಿಯಂತ್ರಕರು ಇದನ್ನು ಹಿಡಿದರು. ಡಿಸೆಂಬರ್‌ನಲ್ಲಿ ಕಂಪನಿ 1,25,000 ಡಾಲರ್ ದಂಡ ಕಟ್ಟಲು ಒಪ್ಪಿತು. ದಂಡ ಸಣ್ಣದೇ. ಆದರೆ ಬಾಡಿಗೆ ನಿಲ್ಲಿಸುವುದನ್ನು ಮಾಲೀಕನಿಗೆ ಹೇಳಿ ಷೇರುದಾರರಿಂದ ಮುಚ್ಚಿಡುವಂತಿಲ್ಲ ಅನ್ನುವುದು ಅಲ್ಲಿಗೆ ಗಟ್ಟಿಯಾಯಿತು.

ಕೊನೆಗೆ ಕೆಲಸ ಮಾಡುವವರ ಮಾತು. ಬಾಡಿಗೆ ಬಾಕಿ ಅನ್ನುವ ಒಂದೇ ಸುದ್ದಿಗೆ ಗಾಬರಿ ಬೇಡ. ಒಂದು ಕಟ್ಟಡದ ಜಗಳವಾದರೆ ಕರಾರಿನ ತಕರಾರೇ ಇರಬಹುದು. ಬೇರೆ ಬೇರೆ ಊರಿನ ಮಾಲೀಕರು, ಅವರ ಜೊತೆ ಬೇರೆ ಪೂರೈಕೆದಾರರೂ ಕೋರ್ಟಿಗೆ ಹೋಗುತ್ತಿದ್ದರೆ ಎಚ್ಚರ ಆಗಬೇಕು. ಟ್ವಿಟರ್ ವಿಷಯದಲ್ಲಿ ಬಾಡಿಗೆ ವಿಮಾನ ಕೊಟ್ಟ ಸಂಸ್ಥೆಯೊಂದು ಸುಮಾರು 1,97,000 ಡಾಲರ್‌ಗೆ, ಕಂಪನಿ ಮಾರಾಟಕ್ಕೆ ಸಲಹೆ ಕೊಟ್ಟ ಸಂಸ್ಥೆಯೊಂದು 19 ಲಕ್ಷ ಡಾಲರ್‌ಗೆ ದಾವೆ ಹೂಡಿದ್ದವು. ಅದು ಒಂದು ಕಟ್ಟಡದ ಜಗಳ ಅಲ್ಲ, ಯಾರಿಗೆ ಕೊಡಬೇಕು ಯಾರಿಗೆ ಬೇಡ ಅಂತ ಮೇಲೆ ಕೂತವರು ಪಟ್ಟಿ ಮಾಡುತ್ತಿರುವ ಲಕ್ಷಣ. ಆ ಪಟ್ಟಿಯಲ್ಲಿ ಮುಂದೆ ಬರುವುದು ಕೆಲಸ ಬಿಟ್ಟವರ ಬಾಕಿ. ಪರಿಹಾರ ಹಣ ಪೂರ್ತಿ ಬಂದಿಲ್ಲ ಅಂತ ಟ್ವಿಟರ್‌ನ ಮಾಜಿ ನೌಕರರೂ ದಾವೆ ಹೂಡಬೇಕಾಯಿತು.

ಹಾಗಾಗಿ ನಿಮ್ಮವರು ಯಾರಾದರೂ ಇಂಥ ಕಡೆ ಇದ್ದರೆ ಸಂಬಳದ ತಾರೀಖು, ಪ್ರಯಾಣದ ಬಿಲ್ಲು ವಾಪಸ್ ಬರುವ ದಿನ, ಇನ್ಶೂರೆನ್ಸ್ ಕಂತು ಇವನ್ನು ಗಮನಿಸಲಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಷೇರು ಕೊಡುವ ಮಾತಿನ ಕಾಗದ, ಇವುಗಳ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಲಿ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೇಡ. 2022ರ ನವೆಂಬರ್‌ನಲ್ಲಿ ಟ್ವಿಟರ್‌ನ ಎಷ್ಟೋ ಜನರಿಗೆ ಕೆಲಸ ಹೋದದ್ದು ಗೊತ್ತಾಗಿದ್ದೇ ರಾತ್ರೋರಾತ್ರಿ ಲ್ಯಾಪ್‌ಟಾಪ್ ಲಾಕ್ ಆದಾಗ.